ಉಬ್ಬಿದ ಬಾಗಿಲು: ಕಲ್ಲಿದ್ದಲಿಗೆ ಗ್ಯಾಸ್ ನುಗ್ಗಿಸಿದ ಕಥೆ

ಕಲ್ಲಿದ್ದಲಿನ ತುಂಡೊಂದನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕುಗಳು ಅಡ್ಡಡ್ಡ, ಉದ್ದುದ್ದ ಹಾದಿರುತ್ತವೆ. ನೆಲದಡಿಯ ಇದ್ದಲಿನ ಪದರದಿಂದ ಮೀಥೇನ್ ಎಂಬ ಉರಿಯುವ ಗ್ಯಾಸ್ ಹೊರಗೆ ಬರುವುದು ಇದೇ ದಾರಿಯಲ್ಲಿ. ಆದರೆ ಅದು ಬಹುಪಾಲು ಇರುವುದು ಬಿರುಕಿನಲ್ಲಲ್ಲ. ಇದ್ದಲಿನ ಮೈಯೊಳಗಿನ ಕಣ್ಣಿಗೆ ಕಾಣದ ತೂತುಗಳಿಗೆ ಅಂಟಿಕೊಂಡಿರುತ್ತದೆ. ಬಾವಿ ಕೊರೆದು, ನೀರೆತ್ತಿ, ಒತ್ತಡ ಇಳಿಸಿದರೆ ಸಡಿಲವಾಗುತ್ತದೆ. ಆದರೂ ಸಾಕಷ್ಟು ಒಳಗೇ ಉಳಿದುಬಿಡುತ್ತದೆ.

ಉಳಿದದ್ದನ್ನು ಎಬ್ಬಿಸಲು ಬೇರೆ ಗ್ಯಾಸ್ ನುಗ್ಗಿಸಿದರೆ ಹೇಗೆ? ಇಂಗಾಲದ ಡೈಆಕ್ಸೈಡ್ ಕಂಡರೆ ಇದ್ದಲಿಗೆ ಮೀಥೇನಿಗಿಂತ ಜಾಸ್ತಿ ಪ್ರೀತಿ. ಒಂದು ಪಾಲು ಮೀಥೇನ್ ಬಿಟ್ಟುಕೊಟ್ಟು ಸುಮಾರು ಎರಡು ಪಾಲು ಇದನ್ನು ಹಿಡಿದುಕೊಳ್ಳುತ್ತದೆ. ಮೀಥೇನೂ ಸಿಕ್ಕಿತು, ಹೊಗೆಯ ಗ್ಯಾಸೂ ಹೂತುಹೋಯಿತು. ಕಾಗದದ ಮೇಲೆ ಭರ್ಜರಿ ಲೆಕ್ಕ, ಅಲ್ವಾ?

1995ರಲ್ಲಿ ಅಮೆರಿಕದ ಸ್ಯಾನ್ ಹ್ವಾನ್ ಪ್ರದೇಶದಲ್ಲಿ ಬರ್ಲಿಂಗ್ಟನ್ ರಿಸೋರ್ಸಸ್ ಕಂಪನಿ ಇದನ್ನು ಮಾಡಿಯೇ ನೋಡಿತು. ನ್ಯೂ ಮೆಕ್ಸಿಕೊದ ಆಲಿಸನ್ ಎಂಬಲ್ಲಿ ನಾಲ್ಕು ಬಾವಿಗಳಿಂದ ಗ್ಯಾಸ್ ಒಳಗೆ, ಹದಿನಾರರಿಂದ ಮೀಥೇನ್ ಹೊರಗೆ. 2001ರವರೆಗೆ ನಡೆಯಿತು. ಮೀಥೇನ್ ಹೆಚ್ಚು ಬಂತು, ನಿಜ. ಆದರೆ ಬಾವಿಗಳು ಗ್ಯಾಸ್ ಕುಡಿಯುವುದು ಕಡಿಮೆಯಾಯಿತು. ಮಳೆಗಾಲದಲ್ಲಿ ಮರದ ಬಾಗಿಲು ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ. ಇದ್ದಲು ಉಬ್ಬಿತು, ಆ ಕೂದಲೆಳೆ ಬಿರುಕುಗಳು ಬಿಗಿದುಕೊಂಡವು.

ಅದೇ ಪ್ರದೇಶದ ಕೊಲೊರಾಡೊ ಕಡೆ, ಟಿಫನಿಯಲ್ಲಿ, 1998ರಿಂದ ನೈಟ್ರೋಜನ್ ಪ್ರಯೋಗ. ಅದು ಇದ್ದಲಿಗೆ ಅಷ್ಟಾಗಿ ಅಂಟುವುದಿಲ್ಲ, ಬಿರುಕು ಮುಚ್ಚುವುದೂ ಇಲ್ಲ. ಮೀಥೇನ್ ಸರಸರ ಬಂತು. ತೊಂದರೆ ಅಂದರೆ ನೈಟ್ರೋಜನ್ನೂ ಅಷ್ಟೇ ಬೇಗ ಜೊತೆಗೇ ಬಂದುಬಿಟ್ಟಿತು. ಬೇರ್ಪಡಿಸದೆ ಮಾರುವ ಹಾಗಿಲ್ಲ, ಬೇರ್ಪಡಿಸುವುದು ದುಬಾರಿ.

ಪೋಲೆಂಡಿನ ಕಾನ್ಯುಫ್‌ನಲ್ಲಿ 2004-05ರಲ್ಲಿ ಹೋದದ್ದು ಬರೀ 760 ಟನ್ ಇಂಗಾಲದ ಡೈಆಕ್ಸೈಡ್. ಅಲ್ಲೂ ಪದರ ಬಾಯಿ ಬಿಡಲಿಲ್ಲ. ಕೊನೆಗೆ ಒತ್ತಡ ಹಾಕಿ ಪದರವನ್ನೇ ಸೀಳಬೇಕಾಯಿತು. ಆಮೇಲಷ್ಟೇ ಗ್ಯಾಸ್ ಸರಾಗವಾಗಿ ಇಳಿದದ್ದು.

ನನಗೆ ಇಷ್ಟವಾದದ್ದು ಜಪಾನಿನ ಯೂಬಾರಿಯವರ ಉಪಾಯ. 2004ರಲ್ಲಿ ಶುರುಮಾಡಿದ ಅವರಿಗೂ ಇದೇ ಕಾಟ. 2006ರಲ್ಲಿ ಅದೇ ಬಾವಿಗೆ ಸ್ವಲ್ಪ ಕಾಲ ನೈಟ್ರೋಜನ್ ಬಿಟ್ಟು ನೋಡಿದರು. ಉಬ್ಬಿದ್ದ ಇದ್ದಲು ಕುಗ್ಗಿತು, ದಾರಿ ತೆರೆಯಿತು. ಖುಷಿಯಿಂದ ಮತ್ತೆ ಇಂಗಾಲದ ಡೈಆಕ್ಸೈಡ್ ಬಿಟ್ಟರು. ಮೊದಲು ಚೆನ್ನಾಗಿಯೇ ಇಳಿಯಿತು. ಆಮೇಲೆ ಬಾಗಿಲು ಮತ್ತೆ ಕಚ್ಚಿಕೊಂಡಿತು.