ಪಿನಾಕಿನಿಗೆ ಹೋಗಬೇಕಿದ್ದ ಕೊಳಚೆ ಕೋಲಾರಕ್ಕೆ ಬಂದ ಕಥೆ

ನಮ್ಮ ಕೋಲಾರದ ನರಸಾಪುರದ ಕೆರೆ ಏರಿ ಮೇಲೆ ನಿಂತರೆ ಈಗ ಕಣ್ಣಿಗೆ ನೀರು ಬೀಳುತ್ತದೆ. ಮೊದಲು ಅಲ್ಲಿ ಜಾಲಿಗಿಡ ಬಿಟ್ಟರೆ ಜಾಸ್ತಿ ಏನೂ ಇರಲಿಲ್ಲ. ಆದರೆ ಇದು ಬರೀ ಮಳೆ ನೀರಲ್ಲ. ಬೆಂಗಳೂರಿನವರು ಸ್ನಾನ ಮಾಡಿ, ಬಟ್ಟೆ ಒಗೆದು, ಫ್ಲಶ್ ಒತ್ತಿ ಕಳಿಸಿದ್ದು. ನಾವು ಸಲೀಸಾಗಿ 'ಕೆಸಿ ವ್ಯಾಲಿ ನೀರು' ಅಂತೀವಿ. ಅದರ ಹಿಂದೆ ಒಂದು ನದಿ ಇದೆ ಅನ್ನೋದನ್ನ ಮರೆತೇ ಬಿಟ್ಟಿದ್ದೇವೆ.

ಆ ನದಿ ದಕ್ಷಿಣ ಪಿನಾಕಿನಿ. ಹುಟ್ಟೋದು ನಮ್ಮ ಪಕ್ಕದ ನಂದಿಬೆಟ್ಟದ ಸೀಮೆಯಲ್ಲಿ. ಹೊಸಕೋಟೆ ದಾಟಿ ಹೊಸೂರಿನ ಕಡೆ ಇಳಿದು ತಮಿಳುನಾಡಿಗೆ ಹೋಗುತ್ತದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಅದೇ ಕೆಸಿ ವ್ಯಾಲಿ) ಕೊಳಚೆ ಬೆಳ್ಳಂದೂರು ಕೆರೆ, ವರ್ತೂರು ಕೆರೆ ತುಂಬಿಕೊಂಡು ಕೊನೆಗೆ ಇದೇ ನದಿಗೆ ಸೇರುತ್ತಿತ್ತು. ಊರು ಬೆಳೆದಷ್ಟು ವೇಗವಾಗಿ ಒಳಚರಂಡಿ ಬೆಳೆಯಲಿಲ್ಲ, ಮಳೆ ನೀರು ಹರಿಯಬೇಕಿದ್ದ ರಾಜಕಾಲುವೆಗಳೇ ಚರಂಡಿಗಳಾದವು. ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆ ಎದ್ದರೆ ಅದರ ಮೂಲ ನಮ್ಮ ರಾಜಧಾನಿಯ ಬಚ್ಚಲಿನಲ್ಲಿತ್ತು, ಅಷ್ಟೇ.

2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಹತ್ತಿಕೊಂಡಿತು. 2017ರ ಫೆಬ್ರುವರಿಯಲ್ಲಿ ಕೆರೆಯಲ್ಲಿ ಮತ್ತೆ ಬೆಂಕಿ, 2018ರ ಜನವರಿಯಲ್ಲಿ ಇನ್ನೊಮ್ಮೆ. ನೀರು ಉರಿಯುತ್ತದೆ ಅಂದರೆ ಯಾರು ನಂಬ್ತಾರೆ ಹೇಳಿ! ಹಸಿರು ನ್ಯಾಯಮಂಡಳಿ ತಾನಾಗಿಯೇ ಕೇಸು ತೆಗೆದುಕೊಂಡು, 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಆಮೇಲೆ ಹೂಳೆತ್ತುವ ಕೆಲಸವೂ ಶುರುವಾಯಿತು.

ಅಷ್ಟು ಹೊತ್ತಿಗೆ ಸರ್ಕಾರ ಇನ್ನೊಂದು ದಾರಿ ಹುಡುಕಿತ್ತು. ಇತ್ತ ಕೋಲಾರದಲ್ಲಿ ಶಾಶ್ವತ ನೀರಾವರಿಗೆ ರೈತರು ಹೋರಾಟಕ್ಕೆ ಕೂತಿದ್ದರು. ಸಾವಿರದೈನೂರು ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಬರೀ ದೂಳು. ಅತ್ತ ಕೊಳಚೆ, ಇತ್ತ ಬರ. ಒಂದಕ್ಕೆ ಇನ್ನೊಂದು ಮದ್ದು ಅಂತ, ಕೊಳಚೆ ಶುದ್ಧೀಕರಿಸಿ ಪೈಪಿನಲ್ಲಿ ತಂದು ಇಲ್ಲಿನ ಕೆರೆ ತುಂಬಿಸುವ ಕೆಸಿ ವ್ಯಾಲಿ ಯೋಜನೆಗೆ 2016ರಲ್ಲಿ ಅಡಿಗಲ್ಲು ಬಿತ್ತು. ದಿನಕ್ಕೆ 440 ದಶಲಕ್ಷ ಲೀಟರ್ ನೀರು, ಒಟ್ಟು 126 ಕೆರೆ, ಬಹುಪಾಲು ಕೋಲಾರದವು, ಒಂದಿಷ್ಟು ಚಿಂತಾಮಣಿ ಕಡೆಯವು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಜನ ಹಬ್ಬ ಬಂದ ಹಾಗೆ ನೋಡೋಕೆ ಹೋಗಿದ್ದರು.

ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದಿತು!

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಶುದ್ಧೀಕರಣ ಘಟಕದ ಎರಡನೇ ಹಂತದಲ್ಲಿ ಗಾಳಿ ಊದಿ ಸೂಕ್ಷ್ಮಜೀವಿ ಬೆಳೆಸುತ್ತಾರೆ. ಅವು ಕೊಳಚೆಯಲ್ಲಿರೋ ಕೊಳೆಯುವ ಪದಾರ್ಥ ತಿಂದು ಹಾಕುತ್ತವೆ, ನೀರು ತಿಳಿಯಾಗಿ ಕಾಣುತ್ತದೆ. ಆದರೆ ಸೋಪಿನ ಪುಡಿಯ ರಂಜಕ, ಮಲಮೂತ್ರದ ಸಾರಜನಕ ಅಷ್ಟರಲ್ಲಿ ಪೂರ್ತಿ ಹೋಗುವುದಿಲ್ಲ. ಕೆರೆಯಲ್ಲಿ ಅದೇ ಗೊಬ್ಬರವಾಗಿ ಅಂತರಗಂಗೆ ಅನ್ನೋ ನೀರಿನ ಕಳೆ ಹಬ್ಬುತ್ತದೆ. (ಕೋಲಾರದವರಿಗೆ ಅಂತರಗಂಗೆ ಅಂದರೆ ಬೆಟ್ಟ, ಬಸವನ ಬಾಯಿಂದ ಬೀಳೋ ನೀರು. ಈಗ ಕಳೆ ಗಿಡಕ್ಕೂ ಅದೇ ಹೆಸರು ಕೇಳಬೇಕಾಗಿದೆ.) ಆ ರಂಜಕ, ಸಾರಜನಕ ತೆಗೆಯಲು ಶುದ್ಧೀಕರಣದ ಮೂರನೇ ಹಂತ ಬೇಕು ಅಂತ ಹೋರಾಟಗಾರರು ಅಂದಿನಿಂದಲೂ ಕೇಳುತ್ತಿದ್ದಾರೆ. 2018ರ ಜುಲೈನಲ್ಲಿ ನೀರು ಹರಿಸೋದಕ್ಕೆ ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆದು, ಕೆಲವು ತಿಂಗಳಲ್ಲಿ ಅದೂ ತೆರವಾಯಿತು. ನೀರು ಮತ್ತೆ ಹರಿಯಿತು.

ನನ್ನ ಕೇಳಿದರೆ, ಯೋಜನೆ ಸುಳ್ಳೇನಲ್ಲ. ಸುತ್ತಮುತ್ತ ಬೋರ್‌ಗಳಲ್ಲಿ ನೀರು ಮೇಲೆ ಬಂದಿದೆ, ಅದನ್ನು ಕಣ್ಣಾರೆ ನೋಡಿದವನು ನಾನು. ಆದರೆ ಇದನ್ನು ನದಿ ಸ್ವಚ್ಛತೆ ಅಂತ ಕರೆಯೋದು ಸರಿನಾ? ಕೊಳಚೆ ರಾಜಕಾಲುವೆಗೆ ಬೀಳೋದು ನಿಂತರೆ ಮಾತ್ರ ಪಿನಾಕಿನಿ ಉಸಿರಾಡುತ್ತದೆ. ಪೈಪು ಹಾಕಿ ದಿಕ್ಕು ತಿರುಗಿಸಿದ್ದು ಬೇರೆ ಕೆಲಸ.

ನಮ್ಮ ಚಿಕ್ಕಪ್ಪನ ತೋಟ ಕೆರೆಯ ಕೆಳಗಡೆ ಇದೆ. ಎಂಟು ವರ್ಷ ಒಣಗಿದ್ದ ಬೋರ್ ಈಗ ಎರಡು ಇಂಚು ಕೊಡುತ್ತಿದೆ. ಟೊಮ್ಯಾಟೊ, ರೇಷ್ಮೆ ಸೊಪ್ಪು ಎಲ್ಲ ಜೋರು. "ನೀರು ಕುಡೀತೀಯಾ ಚಿಕ್ಕಪ್ಪ?" ಅಂತ ಕೇಳಿದೆ. ನಕ್ಕು, ಟಿವಿಎಸ್ ಗಾಡಿಗೆ ಎರಡು ಖಾಲಿ ಕ್ಯಾನ್ ಕಟ್ಟಿಕೊಂಡು ಶುದ್ಧ ನೀರಿನ ಘಟಕದ ಕಡೆ ಹೊರಟರು, ಜೇಬಿನಲ್ಲಿ ಐದು ರೂಪಾಯಿ ಕಾಯಿನ್ ತಡಕುತ್ತಾ.