ವಾಡೆ ನೋಡುವುದಾದರೆ ಮೊದಲು ಮಾಳಿಗೆ ಹತ್ತಿ

ಹಳೆಯ ವಾಡೆ, ಅಂದರೆ ದೇಸಾಯರ ದೊಡ್ಡ ಮನೆ, ತೋರಿಸಲು ಕರೆದವರು ನನ್ನನ್ನು ಮೊದಲು ದೊಡ್ಡ ಬಾಗಿಲ ಮುಂದೆ ನಿಲ್ಲಿಸುತ್ತಾರೆ. ಕೆತ್ತಿದ ಚೌಕಟ್ಟು, ಪಡಸಾಲೆಯ ಸಾಗವಾನಿ ಕಂಬ, ಕಂಬದ ತಲೆಯ ಬೋದಿಗೆ, ಎಲ್ಲ ಚೆಂದವೇ. ಆದರೆ ನಾನು ಏಣಿ ಕೇಳುತ್ತೇನೆ. ಗದಗ ಸೀಮೆಯ ವಾಡೆಗಳು ಬಹುತೇಕ ಬೀಳುವುದು ಮೇಲಿನಿಂದ.

ಈ ಭಾಗದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಅದಕ್ಕೆ ಮಣ್ಣಿನ ಮಾಳಿಗೆ, ಅಂದರೆ ಮಣ್ಣು ಹಾಸಿದ ಮಟ್ಟಸ ಚಾವಣಿ, ಸಾಕು. ತೊಲೆಯ ಮೇಲೆ ಜಂತಿ ಎಂಬ ಸಣ್ಣ ಅಡ್ಡತೊಲೆ, ಜಂತಿಯ ಮೇಲೆ ಹಲಗೆ, ಸೊಪ್ಪು, ಮಣ್ಣು. ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಈ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದಾಗ ಇದರ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ಬೆಳೆ ಏಳಗೊಡದ ಗುಣವೇ ಇಲ್ಲಿ ಸೋರದಂತೆ ಕಾಯುತ್ತದೆ. ಆದರೆ ಮಳೆಗೆ ಅದು ಸ್ವಲ್ಪ ಸ್ವಲ್ಪ ಕೊಚ್ಚಿಹೋಗುತ್ತದೆ, ಪ್ರತಿ ವರ್ಷ ಹೊಸದು ಹಾಕಬೇಕು.

ಹಾಕುವವರು ಯಾರು? ಇತಿಹಾಸ ಇಲ್ಲೇ ಇದೆ. ದೇಸಾಯರಿಗೆ ಪರಗಣೆಯ, ಅಂದರೆ ಹಲವು ಹಳ್ಳಿಗಳ ಸೀಮೆಯ, ಕಂದಾಯ ವಸೂಲಿಯ ಅಧಿಕಾರ ವಂಶಪಾರಂಪರ್ಯವಾಗಿ ಬಂದದ್ದು. ಅದರ ಜೊತೆ ಆ ಅಧಿಕಾರಕ್ಕೆಂದು ಕೊಟ್ಟ ವತನದ ಭೂಮಿ, ಆಳುಕಾಳು. ವಾಡೆ ಮನೆಯೂ ಹೌದು, ಕಚೇರಿಯೂ ಹೌದು. ದೊಡ್ಡ ಬಾಗಿಲೊಳಗಿನ ಚಿಕ್ಕ ದಿಡ್ಡಿಬಾಗಿಲಲ್ಲಿ ಒಬ್ಬೊಬ್ಬರೇ ತಲೆ ಬಗ್ಗಿಸಿ ಬರಬೇಕಿತ್ತು. 1950ರ ಮುಂಬೈ ಕಾಯ್ದೆ ಪರಗಣೆ ವತನಗಳನ್ನು ರದ್ದು ಮಾಡಿತು. 1974ರ ಭೂಸುಧಾರಣೆಯಲ್ಲಿ ಹೊಲಗಳು ಗೇಣಿದಾರರಿಗೆ ಹೋದವು. ಅದು ಆಗಬೇಕಾದ ನ್ಯಾಯವೇ. ಆದರೆ ವಾಡೆ ಮಾತ್ರ ಅಷ್ಟೇ ದೊಡ್ಡದಾಗಿ ಉಳಿಯಿತು, ಮಣ್ಣು ಹೊರುವವರು ಉಳಿಯಲಿಲ್ಲ.

ಮುಂಡರಗಿ ಕಡೆಯ ಒಂದು ವಾಡೆಯಲ್ಲಿ ಈ ತಾಪತ್ರಯವೇ ಬೇಡವೆಂದು ಮಾಳಿಗೆ ಮೇಲೆ ಸಿಮೆಂಟ್ ಕಾಂಕ್ರೀಟ್ ಹಾಕಿಸಿದ್ದರು. ಕೆಳಗಿನ ಕಟ್ಟಿಗೆ ಅಲುಗಾಡಿದಾಗ ಕಾಂಕ್ರೀಟ್ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಇಳಿದ ನೀರಿಗೆ ಆರಿ ಹೋಗಲು ದಾರಿಯಿಲ್ಲ. ಕೆಳಗಿನಿಂದ ನೋಡಿದರೆ ಜಂತಿ ಗಟ್ಟಿಯಾಗಿಯೇ ಕಾಣುತ್ತಿತ್ತು. ಗೋಡೆಯೊಳಗೆ ಹೊಕ್ಕ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದೆ. ಹಿಡಿಯವರೆಗೂ ಹೋಯಿತು. ಹೊರಗೆ ತೆಗೆದಾಗ ಅಂಟಿಕೊಂಡು ಬಂದದ್ದು ನಶ್ಯದಂಥ ಕಂದು ಪುಡಿ.

"ನಮ್ಮತ್ತಿ ಹೇಳ್ತಿದ್ರು, ಮೃಗಶಿರಾ ಬರೂದ್ರೊಳಗ ಮಾಳಗಿಗಿ ಮಣ್ಣ ಬೀಳಬೇಕು ಅಂತ. ನಾವ ಕೇಳಲಿಲ್ರೀ" ಅಂದರು ಮನೆಯ ಹಿರಿಯಮ್ಮ.

ಕಾಂಕ್ರೀಟ್ ಒಡೆದು ತೆಗೆಸಿದೆವು. ವರ್ಷ ವರ್ಷ ಹಾಕಿ ಹಾಕಿ ಹಳೆಯ ಮಣ್ಣೂ ದಪ್ಪವಾಗಿತ್ತು. ಒಂದಡಿ ದಪ್ಪಕ್ಕೇ ಪ್ರತಿ ಚದರಡಿಗೆ ಸುಮಾರು 45 ಕಿಲೋ ಭಾರ, ನೆನೆದರೆ ಇನ್ನೂ ಜಾಸ್ತಿ. ಅದನ್ನೂ ಕೆರೆದು ಇಳಿಸಿ, ಕೊಳೆತ ತುದಿಗಳಿಗೆ ಹೊಸ ಕಟ್ಟಿಗೆ ಜೋಡಿಸಿದೆವು. ಈಗ ಆ ಮನೆಯವರು ಪ್ರತಿ ಮೇ ತಿಂಗಳು ಎರಡು ದಿನದ ಕೂಲಿ ಎತ್ತಿಟ್ಟಿರುತ್ತಾರೆ. ಮೊನ್ನೆ ಹೋದಾಗ ಅಂಗಳದಲ್ಲಿ ಒಂದು ಟ್ರ್ಯಾಕ್ಟರ್ ಕರಲು ಮಣ್ಣು ಬಿದ್ದಿತ್ತು. ಏಣಿಯೂ ಗೋಡೆಗೆ ಆನಿಸಿತ್ತು.