ಟಿಬಿ ಮಾತ್ರೆಯ ಜೊತೆ ಆ ಪುಟ್ಟ ಮಾತ್ರೆ ಯಾಕೆ?

ಪ್ರಶ್ನೆ: ನಮ್ಮಮ್ಮನಿಗೆ ಶುಗರ್ ಇದೆ. ಈಗ ಟಿಬಿ ಮಾತ್ರೆ ನಡೀತಾ ಇದೆ. ಜೊತೆಗೆ ಬಿ6 ಅಂತ ಚಿಕ್ಕ ಮಾತ್ರೆ ಕೊಟ್ಟಿದ್ದಾರೆ. ಅದು ಸುಮ್ನೆ ಶಕ್ತಿಗೆ ಅಲ್ವಾ? ಬಿಟ್ಟರೆ ನಡೆಯುತ್ತಾ? (ಮಂಡ್ಯದ ಓದುಗರು)

ದಯವಿಟ್ಟು ಬಿಡಿಸಬೇಡಿ. ಬಿ6 ಒಂದು ವಿಟಮಿನ್, ಅದು ಅಮ್ಮನ ಕೈಕಾಲಿನ ನರಗಳನ್ನು ಕಾಯುವ ಮಾತ್ರೆ.

ಟಿಬಿ ಔಷಧಿಗಳಲ್ಲಿ ಐಸೋನಿಯಜಿಡ್ ಅಂತ ಒಂದಿದೆ. ಟಿಬಿಗೆ ಅದರ ಬಳಕೆ ಶುರುವಾದದ್ದು 1952ರಲ್ಲಿ. ಮೈಸೂರಿನ ಪಿಕೆಟಿಬಿ ಆಸ್ಪತ್ರೆ 1921ರಲ್ಲಿ ತೆರೆದಾಗ ಟಿಬಿ ಗುಣಪಡಿಸುವ ಮಾತ್ರೆಯೇ ಇರಲಿಲ್ಲ. ಒಳ್ಳೆ ಗಾಳಿ, ಊಟ, ವಿಶ್ರಾಂತಿಯನ್ನೇ ನಂಬಬೇಕಿತ್ತು. ಹಾಗಾಗಿ ಈ ಔಷಧಿಯನ್ನು ನಾನು ದೂರುವುದಿಲ್ಲ. ಆದರೆ ಅದರಿಂದ ಒಂದು ತೊಂದರೆ ಇದೆ.

ನಾವು ತಿನ್ನುವ ಬಿ6 ಅನ್ನು ಮೈ ಪಿರಿಡಾಕ್ಸಲ್ ಫಾಸ್ಫೇಟ್ ಆಗಿ ಬದಲಾಯಿಸಿಕೊಳ್ಳುತ್ತದೆ. ನರಗಳಿಗೆ ಬೇಕಾದದ್ದು ಅದೇ. ಐಸೋನಿಯಜಿಡ್ ಬಿ6ಗೆ ಅಂಟಿಕೊಂಡು ಅದನ್ನು ಮೂತ್ರದಲ್ಲಿ ಹೊರಗೆ ಸಾಗಿಸುತ್ತದೆ. ಹೊಸದಾಗಿ ತಯಾರಾಗುವುದಕ್ಕೂ ಅಡ್ಡ ಬರುತ್ತದೆ. ನಾಲೆಯ ಏರಿ ಸೋರುತ್ತಿರುವಾಗಲೇ ಮೇಲಿನ ತೂಬನ್ನೂ ಮುಚ್ಚಿದ ಹಾಗೆ! ಆಗ ಪಾದದಲ್ಲಿ ಜುಮುಜುಮು, ಉರಿ ಶುರುವಾಗುತ್ತದೆ. ಆಮೇಲೆ ಮರಗಟ್ಟುತ್ತದೆ. ಶುಗರ್ ಇರುವವರ ನರ ಮೊದಲೇ ಸೋತಿರುತ್ತದೆ, ಅವರಿಗೆ ಅಪಾಯ ಜಾಸ್ತಿ. ಬಸುರಿಯರು, ಕುಡಿಯುವವರು, ಹೊಟ್ಟೆ ತುಂಬಾ ಊಟವಿಲ್ಲದವರು, ಕಿಡ್ನಿ ತೊಂದರೆ ಅಥವಾ ಎಚ್‌ಐವಿ ಇರುವವರಿಗೂ ಅಷ್ಟೇ.

ಇದನ್ನು ತಡೆಯಲು ದಿನಕ್ಕೆ 10ರಿಂದ 50 ಮಿಲಿಗ್ರಾಂ ಬಿ6 ಸಾಕು. ಎಷ್ಟು ಅಂತ ಡಾಕ್ಟರೇ ಹೇಳಬೇಕು. ಒಳ್ಳೇದು ಅಂತ ನೀವೇ ಜಾಸ್ತಿ ಕೊಡಬೇಡಿ. ತುಂಬಾ ದಿನ ಅತಿಯಾಗಿ ತೆಗೆದುಕೊಂಡರೆ ಬಿ6 ಕೂಡ ನರಗಳನ್ನೇ ಕೆಡಿಸುತ್ತದೆ.

ಹಾಗಾದರೆ ಎಲ್ಲ ಆಂಟಿಬಯೋಟಿಕ್ ಜೊತೆಗೂ ವಿಟಮಿನ್ ನುಂಗಬೇಕಾ? ಬೇಡ. ಜ್ವರ, ಗಂಟಲು ನೋವಿನ ಮಾತ್ರೆಯ ಜೊತೆ ಬಿ-ಕಾಂಪ್ಲೆಕ್ಸ್ ಕೇಳಿ ತರುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಅದು ಆ ಔಷಧಿಗಳ ಅಡ್ಡ ಪರಿಣಾಮ ತಡೆಯುವುದಿಲ್ಲ. ಕೆಲವು ಸಲ ಕೆಡುಕೂ ಆಗುತ್ತದೆ. ಕಬ್ಬಿಣ, ಸತು, ಕ್ಯಾಲ್ಸಿಯಂ ಇರುವ ಮಲ್ಟಿವಿಟಮಿನ್ ಅನ್ನು ಸಿಪ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಜೊತೆಗೇ ನುಂಗಿದರೆ, ಔಷಧಿ ಮೈಗೆ ಸರಿಯಾಗಿ ಹತ್ತುವುದೇ ಇಲ್ಲ. ಸಿಪ್ರೋಫ್ಲಾಕ್ಸಾಸಿನ್ ಅನ್ನು ಅದಕ್ಕಿಂತ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ತೆಗೆದುಕೊಳ್ಳಬೇಕು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮನನ್ನು ಒಂದು ಮಾತು ಕೇಳಿ, ಪಾದ ಜುಮು ಅನ್ನುತ್ತಾ, ಚಪ್ಪಲಿ ಜಾರಿದ್ದು ಗೊತ್ತಾಗಲ್ವಾ ಅಂತ. ಹೌದು ಅಂದರೆ ಟಿಬಿ ಮಾತ್ರೆ ನಿಲ್ಲಿಸಬೇಡಿ. ನಾಳೆಯೇ ಮಾತ್ರೆ ಕೊಡುವ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ತೋರಿಸಿ.